ಬೆಕ್ಕು ಕೇಳುವ ಬಗೆ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಬೆಕ್ಕು. ಅದು ಎದ್ದ ಮೇಲೆ ಉಳಿದವರು ಮಲಗಿರುವಂತಿಲ್ಲ. ದಿಂಬಿನ ಬಳಿ ಕುಳಿತು ಮೊದಲು ಗುರುಗುಟ್ಟುತ್ತದೆ. ಆಮೇಲೆ ಮುಖ ನೋಡುತ್ತದೆ. ಕೊನೆಗೆ, ಬೇರೆ ದಾರಿಯಿಲ್ಲವೆಂಬಂತೆ, ಒಂದೇ ಒಂದು ಸಲ ‘ಮ್ಯಾಂವ್’ ಎನ್ನುತ್ತದೆ. ನಾನು ಎದ್ದು ಹಾಲಿನ ಪಾತ್ರೆಯ ಕಡೆಗೆ ನಡೆಯುತ್ತೇನೆ. ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಕಡಮೆ ಮಾತಿನಲ್ಲಿ ಇಷ್ಟು ಕೆಲಸ ಮಾಡಿಸಿಕೊಳ್ಳುವ ವಿದ್ಯೆ ಇನ್ನೂ ಕೈವಶವಾಗಿಲ್ಲ. ಇದನ್ನು ಅದು ಎಲ್ಲಿ ಕಲಿಯಿತೆಂದು ಹುಡುಕಹೊರಟಾಗ ಸಿಕ್ಕಿದ್ದು ಸಾವಿರಾರು ವರ್ಷಗಳ ಚರಿತ್ರೆ.

ಪಶ್ಚಿಮ ಏಷ್ಯದಲ್ಲಿ ಜನ ಬೇಸಾಯಕ್ಕೆ ತೊಡಗಿ, ಬೆಳೆದ ಕಾಳನ್ನು ಕೂಡಿಡಲು ಮೊದಲುಮಾಡಿದರು. ಕಾಳಿದ್ದಲ್ಲಿಗೆ ಇಲಿ ಬಂತು. ಇಲಿಯಿದ್ದಲ್ಲಿಗೆ ಕಾಡುಬೆಕ್ಕು ಬಂತು. ಯಾರೂ ಅದನ್ನು ಹಿಡಿದು ತಂದು ಹಗ್ಗ ಹಾಕಲಿಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳಷ್ಟು ಹಳೆಯ ಸಮಾಧಿಯೊಂದು ಸಿಕ್ಕಿರುವ ಸಂಗತಿ 2004ರಲ್ಲಿ ಪ್ರಕಟವಾಯಿತು. ಅಲ್ಲಿ ಮನುಷ್ಯನ ಅಸ್ಥಿಪಂಜರದಿಂದ ಮೊಳದಳತೆಯಲ್ಲಿ ಬೆಕ್ಕಿನದೂ ಇದೆ. ಆ ದ್ವೀಪದಲ್ಲಿ ಹುಟ್ಟಾ ಬೆಕ್ಕುಗಳಿರಲಿಲ್ಲವಾದ್ದರಿಂದ ಯಾರೋ ಅದರ ಪೂರ್ವಿಕರನ್ನು ದೋಣಿಯಲ್ಲಿ ಜೊತೆಗೊಯ್ದಿರಬೇಕು.

ಈಜಿಪ್ಟಿನವರು ಬೆಕ್ಕಿಗೆ ಅದರ ಕೂಗನ್ನೇ ಹೆಸರಾಗಿಟ್ಟರು; ಅವರ ಭಾಷೆಯಲ್ಲಿ ಬೆಕ್ಕು ‘ಮಿಯು’. ನಖ್ತನೆಂಬ ಅಧಿಕಾರಿಯ ಗೋರಿಯ ಚಿತ್ರದಲ್ಲಿ ಅದು ಆಸನದ ಕೆಳಗೆ ಕುಳಿತು ಮೀನು ತಿನ್ನುತ್ತಿದೆ. ಅಂದರೆ ಸುಮಾರು ಮೂರು ಸಾವಿರದ ನಾಲ್ಕುನೂರು ವರ್ಷಗಳ ಹಿಂದೆಯೇ ಅದು ಕಣಜ ಬಿಟ್ಟು ಊಟದ ಮನೆಗೆ ಬಂದಿತ್ತು. ಮನೆಯ ಬೆಕ್ಕು ಸತ್ತರೆ ಅಲ್ಲಿಯವರು ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಕ್ರಿ.ಪೂ. 5ನೆಯ ಶತಮಾನದ ಹಿರೊಡೊಟಸ್ ಬರೆದಿಟ್ಟಿದ್ದಾನೆ.

ಸೋಜಿಗವಿರುವುದು ಮುಂದೆ. ಮರಿ ತಾಯಿಯನ್ನು ಕೂಗುತ್ತದೆ. ಆದರೆ ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ‘ಮ್ಯಾಂವ್’ ಎನ್ನುವುದು ಅಪರೂಪ. ಆ ಕೂಗನ್ನು ಅವು ಬಹುಮಟ್ಟಿಗೆ ಮನುಷ್ಯನಿಗಾಗಿಯೇ ಉಳಿಸಿಕೊಂಡಿವೆ. ನಿಕೊಲಸ್ ನಿಕಾಸ್ಟ್ರೊ ಎಂಬ ಸಂಶೋಧಕರು ಕಾಡುಬೆಕ್ಕಿನ ಕೂಗನ್ನೂ ಸಾಕುಬೆಕ್ಕಿನ ಕೂಗನ್ನೂ ಜನರಿಗೆ ಕೇಳಿಸಿದರು. ಸಾಕಿದ್ದರ ಕೂಗೇ ಕಿವಿಗೆ ಹಿತವೆಂದು ಕೇಳಿದವರು ಹೇಳಿದ್ದನ್ನು 2004ರಲ್ಲಿ ಪ್ರಕಟಿಸಿದರು. ಹಸಿದ ಬೆಕ್ಕು ಗುರುಗುಟ್ಟುವಿಕೆಯೊಳಗೆ ಒಂದು ತೆಳುವಾದ ಅಳುವಿನ ಎಳೆಯನ್ನು ಸೇರಿಸುತ್ತದೆಂದೂ, ಬೆಕ್ಕು ಸಾಕಿ ಅರಿಯದವರಿಗೂ ಅದರಲ್ಲಿ ಆತುರ ಕೇಳಿಸುತ್ತದೆಂದೂ 2009ರಲ್ಲಿ ಇಂಗ್ಲೆಂಡಿನ ಕ್ಯಾರೆನ್ ಮೆಕಾಂಬ್ ಮತ್ತು ಸಂಗಡಿಗರು ತೋರಿಸಿದರು. ನನ್ನ ದಿಂಬಿನ ಬಳಿ ನಡೆಯುವ ಮೊದಲ ಪ್ರಯೋಗ ಇದೇ ಇರಬೇಕು!

ನಮ್ಮ ಮೇಲುಕೋಟೆಯ ಕಡೆಯವರಿಗೆ ಬೆಕ್ಕು ವೇದಾಂತದ ವಿಷಯವೂ ಹೌದು. ರಾಮಾನುಜರ ನಂತರ ಶ್ರೀವೈಷ್ಣವರಲ್ಲಿ ಎರಡು ಪಕ್ಷಗಳಾದವು. ಮರಿಕೋತಿ ತಾಯಿಯನ್ನು ತಬ್ಬಿರುವಂತೆ ಜೀವನೂ ದೇವರನ್ನು ಹಿಡಿದುಕೊಳ್ಳಬೇಕೆಂದರು ವಡಗಲೆಯವರು; ತಾಯಿಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವಂತೆ ದೇವರೇ ಒಯ್ಯುತ್ತಾನೆಂದರು ತೆಂಗಲೆಯವರು. ಇದು ಮಾರ್ಜಾಲಕಿಶೋರ ನ್ಯಾಯ. ಮರಿ ಏನೂ ಮಾಡಬೇಕಿಲ್ಲ ಎಂಬುದು ಅದರ ತಾತ್ಪರ್ಯ. ಶಾಸ್ತ್ರದ ಗೊಡವೆ ನನಗೆ ಬೇಡ. ಆದರೆ ಅಟ್ಟದ ಮೇಲೆ ಮರಿ ಹಾಕಿದ ಬೆಕ್ಕನ್ನು ಕಂಡವರು ಬಲ್ಲರು, ಒಂಟಿಯಾದ ಮರಿ ಒಂದು ಕೆಲಸವನ್ನಂತೂ ಮಾಡುತ್ತದೆ. ಅದು ಕೂಗುತ್ತದೆ.

ಮನುಷ್ಯರಾದ ನಮಗೆ ಇದು ಕಷ್ಟ. ‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎನ್ನುತ್ತೇವೆ, ಎನ್ನುವಾಗ ತುಸು ಮೂದಲಿಸಿಯೇ ಎನ್ನುತ್ತೇವೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದ. ಹಳಗನ್ನಡ ಪದ್ಯವನ್ನು ಅವನಂತೆ ಅನ್ವಯಿಸಿ ಹೇಳುವವರು ಕಡಮೆ. ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ವಾರ ಅವನು ಎರಡು ಸಲ ನನ್ನ ಕೊಠಡಿಗೆ ಬಂದ. ಮೊದಲ ಸಲ ಯಾವುದೋ ಸಂಧಿಯ ವಿಚಾರ ಕೇಳಿದ. ಎರಡನೆಯ ಸಲ ಬಾಗಿಲಲ್ಲೇ ನಿಂತು, “ಏನಿಲ್ಲ ಸಾರ್, ಆಮೇಲೆ ಬರ್ತೀನಿ” ಎಂದು ಹೋದ. ನಾನು ಉತ್ತರಪತ್ರಿಕೆಗಳಿಂದ ತಲೆಯೆತ್ತಲಿಲ್ಲ. ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಮತ್ತೆ ಕಾಲೇಜಿಗೂ ಬರಲಿಲ್ಲ. ಶುಲ್ಕಕ್ಕೆ ದುಡ್ಡಿರಲಿಲ್ಲವೆಂದು ಅವನ ಗೆಳೆಯ ಹೇಳಿದ್ದು ಬೇಸಗೆಯ ರಜ ಮುಗಿದ ಮೇಲೆ. ಅಷ್ಟು ಹಣ ಅಂದು ನನ್ನ ಜೇಬಿನಲ್ಲೇ ಇತ್ತು.

ಬಾಯಿಬಿಟ್ಟು ಕೇಳಬಾರದಾಗಿತ್ತೆ ಎಂದು ಅವನ ಮೇಲೆಯೇ ತಪ್ಪು ಹೊರಿಸಿ ಬಹುಕಾಲ ಸಮಾಧಾನಪಟ್ಟುಕೊಂಡೆ. ಬೆಕ್ಕಿನ ಚರಿತ್ರೆ ಆ ಸಮಾಧಾನವನ್ನು ಉಳಿಸಲಿಲ್ಲ. ಬೆಕ್ಕು ನಾಚದೆ ಕೇಳುತ್ತದೆ, ಕೊಡದಿದ್ದರೆ ಮುನಿಯದೆ ಮೈ ನೆಕ್ಕಿಕೊಳ್ಳುತ್ತದೆ, ಮತ್ತೆ ಕೇಳುತ್ತದೆ. ಇದು ನಾವು ಕಲಿಯಬೇಕಾದ ಪಾಠ, ನಿಜ. ಆದರೆ ಅದು ಹೀಗೆ ಕೇಳುವುದನ್ನು ರೂಢಿಸಿಕೊಂಡದ್ದು ಎದುರಿಗೆ ಓಗೊಡುವ ಕಿವಿಯೊಂದಿದ್ದುದರಿಂದ. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಎರಡು ಅರ್ಥ: ಯಾಚಿಸುವುದೂ ಅದೇ, ಕಿವಿಗೊಡುವುದೂ ಅದೇ. ವ್ಯಾಕರಣದಲ್ಲಿ ಇದನ್ನು ಎಷ್ಟೋ ಸಲ ಹೇಳಿಕೊಟ್ಟಿದ್ದೆ.

ಈಗ ಶುಲ್ಕದ ವಾರ ಬಂದಾಗ ಬಾಗಿಲಲ್ಲಿ ಯಾರಾದರೂ ನಿಂತರೆ ಲೇಖಣಿ ಕೆಳಗಿಡುತ್ತೇನೆ. “ಏನಿಲ್ಲ ಸಾರ್” ಎಂದವರನ್ನು ಒಳಗೆ ಕರೆದು ಕುಳ್ಳಿರಿಸಿ, ನಾನೇ ಮೊದಲು ಕೇಳುತ್ತೇನೆ.