ಆಕ್ರಮಿಸಿದ ದಾರಿಯಲ್ಲಿಯೇ ವಿಮೋಚನೆಗೆ



ದ್ವಿತೀಯ ಮಹಾಯುದ್ಧವೆಂದೊಡನೆ ಸ್ಟಾಲಿನ್‌ಗ್ರಾಡ್, ನಾರ್ಮಂಡಿ, ಹಿರೋಷಿಮಾಗಳು ನಮ್ಮ ನೆನಪಿಗೆ ಬರುತ್ತವೆ. ೧೯೪೪ರ ಶರತ್ಕಾಲದಲ್ಲಿ ಬಾಲ್ಕನ್ ಬೆಟ್ಟ ಕಣಿವೆಗಳಲ್ಲಿ ನಡೆದ ಕಾಳಗವು ಅಷ್ಟು ಪ್ರಸಿದ್ಧವಲ್ಲ. ಆದರೂ ವಿಚಾರವಂತರು ಆಲೋಚಿಸಬೇಕಾದ ಪ್ರಶ್ನೆಯೊಂದು ಅದರಲ್ಲಿ ಅಡಗಿದೆ. ನಿನ್ನೆ ಆಕ್ರಮಣಕಾರನಾಗಿ ಬಂದವನು ಇಂದು ವಿಮೋಚಕನಾಗಿ ಬಂದರೆ, ಜನರು ಅವನನ್ನು ಹೇಗೆ ಕಾಣಬೇಕು?

ಬಲ್ಗೇರಿಯ ದೇಶವು ೧೯೪೧ರ ಮಾರ್ಚ್ ೧ರಂದು ಜರ್ಮನಿಯ ಕೂಟವನ್ನು ಸೇರಿತು. ಮರುತಿಂಗಳು ಹಿಟ್ಲರನ ಸೇನೆ ಯುಗೋಸ್ಲಾವಿಯ ಮತ್ತು ಗ್ರೀಸ್ ದೇಶಗಳನ್ನು ತುಳಿದಾಗ, ಮ್ಯಾಸಿಡೋನಿಯದ ಬಹುಭಾಗ ಹಾಗೂ ಥ್ರೇಸ್ ಪ್ರಾಂತ ಬಲ್ಗೇರಿಯದ ಪಾಲಾದವು. ದಕ್ಷಿಣ ಸೆರ್ಬಿಯದಲ್ಲಿಯೂ ಅದರ ದಂಡು ಬೀಡುಬಿಟ್ಟಿತು. ೧೯೪೩ರ ಮಾರ್ಚಿನಲ್ಲಿ ಈ ಪ್ರದೇಶಗಳಿಂದ ೧೧,೦೦೦ಕ್ಕೂ ಹೆಚ್ಚು ಯೆಹೂದ್ಯರನ್ನು ಬಲ್ಗೇರಿಯದ ಅಧಿಕಾರಿಗಳೇ ಹಿಡಿದು ಜರ್ಮನರಿಗೆ ಒಪ್ಪಿಸಿದರು. ಟ್ರೆಬ್ಲಿಂಕಾದಲ್ಲಿ ಅವರ ಹತ್ಯೆಯಾಯಿತು. ಸ್ವಂತ ನಾಡಿನ ಯೆಹೂದ್ಯರನ್ನು ಮಾತ್ರ ಅಲ್ಲಿನ ಧರ್ಮಗುರುಗಳು, ಶಾಸಕರು ಮತ್ತು ನಾಗರಿಕರು ಪ್ರತಿಭಟಿಸಿ ಉಳಿಸಿಕೊಂಡರು.

೧೯೪೪ರ ಸೆಪ್ಟೆಂಬರಿನಲ್ಲಿ ರಷ್ಯದ ಕೆಂಪುಸೇನೆ ಬಲ್ಗೇರಿಯವನ್ನು ಪ್ರವೇಶಿಸಿತು. ೯ರಂದು ರಾಜಧಾನಿ ಸೋಫಿಯದಲ್ಲಿ ಸರಕಾರ ಉರುಳಿತು; ದೇಶವು ಜರ್ಮನಿಯ ವಿರುದ್ಧ ನಿಂತಿತು. ಆದರೆ ಯುಗೋಸ್ಲಾವಿಯದ ನೆಲದಲ್ಲಿ ಹೋರಾಡಲು ಅಲ್ಲಿಯವರ ಸಮ್ಮತಿ ಬೇಕಷ್ಟೆ? ಅಕ್ಟೋಬರ್ ೫ರಂದು ಕ್ರಯೋವಾ ನಗರದಲ್ಲಿ ಛಾಪಾಮಾರ್ ಸೇನೆಯ ನಾಯಕ ಟಿಟೊ ಅವರು ಸಮ್ಮತಿಯಿತ್ತರು. ನಿನ್ನೆಯವರೆಗೆ ತಮ್ಮವರನ್ನು ಬೇಟೆಯಾಡಿದ ಸೈನ್ಯದೊಡನೆ ಹೆಗಲು ಕೊಡುವುದು ಸಾಮಾನ್ಯ ಮಾತಲ್ಲ.

ಆಗ ಸೇನಾಪತಿ ಲ್ಯೋರ್‌ನ ಅಧೀನದ ಜರ್ಮನ್ ಸೇನೆ ಗ್ರೀಸನ್ನು ತೊರೆದು ಉತ್ತರಕ್ಕೆ ಸರಿಯುತ್ತಿತ್ತು. ಸ್ಕೋಪ್ಯೆ, ನಿಶ್ ನಗರಗಳ ಮೂಲಕ ಬೆಲ್‌ಗ್ರೇಡಿಗೆ ಹೋಗುವ ರೈಲುಮಾರ್ಗವೇ ಅದರ ಜೀವನಾಡಿ. ಅದನ್ನು ಕಡಿಯುವುದೇ ಬಲ್ಗೇರಿಯದ ಮೂರು ಸೇನೆಗಳ ಗುರಿ. ಸ್ಟಾಂಚೆವ್ ನಾಯಕತ್ವದ ಎರಡನೆಯ ಸೇನೆ, ಛಾಪಾಮಾರರೊಡನೆ ಸೇರಿ, ಅಕ್ಟೋಬರ್ ೧೪ರಂದು ನಿಶ್ ನಗರವನ್ನು ಬಿಡಿಸಿತು. ಈ ಕದನದಲ್ಲಿ ಮುನ್ನುಗ್ಗಿದ ಬಲ್ಗೇರಿಯದ ಟ್ಯಾಂಕುಗಳಲ್ಲಿ ಅನೇಕವು ಹಿಂದೆ ಜರ್ಮನಿಯೇ ಒದಗಿಸಿದವು! ಸ್ಟೊಯ್ಚೆವ್‌ರ ಒಂದನೆಯ ಸೇನೆ ಸ್ತ್ರಾತ್ಸಿನ್, ಕುಮಾನೊವೊಗಳತ್ತಲೂ, ನಾಲ್ಕನೆಯ ಸೇನೆ ಸ್ತ್ರುಮಿತ್ಸಾ ಕಡೆಗೂ ಒತ್ತಿದವು. ನವೆಂಬರ್ ಮಧ್ಯದಲ್ಲಿ ಸ್ಕೋಪ್ಯೆ, ಅನಂತರ ಪ್ರಿಷ್ಟಿನಾ ಮುಕ್ತವಾದವು. ಆದರೂ ಜರ್ಮನರು ಪೂರ್ಣವಾಗಿ ಸಿಕ್ಕಿಬೀಳಲಿಲ್ಲ. ನೇರ ಹಾದಿ ಕಳೆದುಕೊಂಡ ಅವರ ಬಹುಭಾಗ ಇಬಾರ್ ಕಣಿವೆಯ ದುರ್ಗಮ ದಾರಿಯಿಂದ ಬೋಸ್ನಿಯ ಸೇರಿತು. ಬಲ್ಗೇರಿಯದ ಒಂದನೆಯ ಸೇನೆ ಮುಂದೆ ಹಂಗೇರಿಯ ದ್ರಾವಾ ನದಿಯ ತಡಿಯಲ್ಲಿಯೂ ಹೋರಾಡಿತು.

ಇಷ್ಟು ರಕ್ತ ಸುರಿಸಿದ್ದಕ್ಕೆ ಹಿಂದಿನ ಲೆಕ್ಕ ಅಳಿಸಿಹೋಯಿತೇ? ಇಲ್ಲ. ೧೯೪೭ರ ಪ್ಯಾರಿಸ್ ಒಪ್ಪಂದದಲ್ಲಿ ಬಲ್ಗೇರಿಯವು ಸೋತ ರಾಷ್ಟ್ರವಾಗಿಯೇ ಸಹಿ ಹಾಕಬೇಕಾಯಿತು. ಮ್ಯಾಸಿಡೋನಿಯ, ಥ್ರೇಸ್‌ಗಳು ಅದರ ಕೈಬಿಟ್ಟವು. ಗ್ರೀಸಿಗೆ ೪೫ ಮಿಲಿಯ, ಯುಗೋಸ್ಲಾವಿಯಕ್ಕೆ ೨೫ ಮಿಲಿಯ ಡಾಲರುಗಳ ಪರಿಹಾರ ಅದರ ತಲೆಯ ಮೇಲೆ ಬಿತ್ತು.

ವಾಚಕರೇ, ನಿಶ್ ನಗರವನ್ನು ಬಿಡಿಸಿದವರ ಶೌರ್ಯವೂ ಸತ್ಯ. ಟ್ರೆಬ್ಲಿಂಕಾಕ್ಕೆ ಹೊರಟ ರೈಲುಗಳೂ ಸತ್ಯ. ಒಂದರಿಂದ ಇನ್ನೊಂದನ್ನು ಮರೆಸಲು ಯತ್ನಿಸುವುದು ಇತಿಹಾಸಕ್ಕೆ ಬಗೆಯುವ ದ್ರೋಹ. ತಪ್ಪು ದಾರಿಯಿಂದ ಹಿಂದಿರುಗಿದವನನ್ನು ಗೌರವಿಸೋಣ. ಆ ದಾರಿಯಲ್ಲಿ ಅವನಿಂದ ನೊಂದವರನ್ನೂ ಮರೆಯದಿರೋಣ.