ವೇಗಕ್ಕೆ ಲಗಾಮು: ಕೆಂಪು ಬಾವುಟದಿಂದ ಕ್ಯಾಮೆರಾದವರೆಗೆ

1896ರ ಜನವರಿ 28. ಇಂಗ್ಲೆಂಡಿನ ಕೆಂಟ್ ಪ್ರಾಂತದ ಪ್ಯಾಡಕ್ ವುಡ್ ಎಂಬ ಊರಿನಲ್ಲಿ ವಾಲ್ಟರ್ ಅರ್ನಾಲ್ಡ್ ಎಂಬಾತ ತನ್ನ ಮೋಟಾರು ಬಂಡಿಯನ್ನು ಓಡಿಸಿಕೊಂಡು ಹೋದ. ಅದನ್ನು ಕಂಡ ಪೊಲೀಸ್ ಪೇದೆಯೊಬ್ಬ ಸೈಕಲ್ ಏರಿ, ಸುಮಾರು 8 ಕಿ.ಮೀ. ಬೆನ್ನಟ್ಟಿ ಅವನನ್ನು ಹಿಡಿದ. ಅವನು ಹೋಗುತ್ತಿದ್ದ ವೇಗ ಎಷ್ಟು ಗೊತ್ತೇ? ಗಂಟೆಗೆ ಸುಮಾರು 13 ಕಿ.ಮೀ.! ಊರೊಳಗೆ ಆಗ ಇದ್ದ ಮಿತಿ ಗಂಟೆಗೆ 2 ಮೈಲಿ, ಅಂದರೆ 3 ಕಿ.ಮೀ.ಗಿಂತ ತುಸು ಹೆಚ್ಚು. ವೇಗದ ತಪ್ಪಿಗಾಗಿ ನ್ಯಾಯಾಲಯ ಅವನಿಗೆ ಒಂದು ಷಿಲಿಂಗ್ ದಂಡ ಹಾಕಿತು.

ಆ ಮಿತಿ 1865ರ ಕಾನೂನಿನದು. ರಸ್ತೆಯ ಮೇಲೆ ಓಡುವ ಉಗಿಯಂತ್ರಗಳಿಗೆಂದು ಮಾಡಿದ್ದ ಆ ಕಾನೂನಿನಂತೆ, ಯಂತ್ರದ ಮುಂದೆ 60 ಗಜ ದೂರದಲ್ಲಿ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ಬಾವುಟದ ಕಡ್ಡಾಯ 1878ರಲ್ಲಿ ಹೋಯಿತು, ವೇಗಮಿತಿ ಉಳಿಯಿತು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಕಾರಿಗೆ ಸಿಕ್ಕಿ ತೀರಿಕೊಂಡಳು. ಆ ದೇಶದಲ್ಲಿ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆಯೇ. ಕಾರಿನ ವೇಗ ಎಷ್ಟಿತ್ತೆಂಬ ಬಗ್ಗೆ ವಿಚಾರಣೆಯಲ್ಲಿ ಹೇಳಿಕೆಗಳು ತಾಳೆಯಾಗಲಿಲ್ಲ. ಚಾಲಕನಿಗೆ ನಿಧಾನವೆನಿಸಿದ್ದು ನೋಡಿದವರಿಗೆ ಅತಿವೇಗವಾಗಿ ಕಂಡಿತ್ತು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1903ರಲ್ಲಿ ಬ್ರಿಟನ್ ಮಿತಿಯನ್ನು ಗಂಟೆಗೆ 20 ಮೈಲಿಗೆ ಏರಿಸಿತು. ಪೊಲೀಸರು ರಸ್ತೆಯ ಒಂದು ಭಾಗವನ್ನು ಅಳೆದು ಗುರುತಿಟ್ಟುಕೊಂಡು, ಬೇಲಿಯ ಮರೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತರು. ಚಾಲಕರೇನು ಸುಮ್ಮನಿದ್ದರೇ? ಪೊಲೀಸರು ಎಲ್ಲಿ ಅಡಗಿದ್ದಾರೆಂದು ಮುಂಚಿತವಾಗಿ ತಿಳಿಸಲೆಂದೇ 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಘ ಹುಟ್ಟಿತು. ಕೊನೆಗೆ 20 ಮೈಲಿಯ ಮಿತಿಯನ್ನು ಯಾರೂ ಲೆಕ್ಕಕ್ಕಿಡದಂತಾಯಿತು. ಪಾಲಿಸದ ಕಾನೂನು ಇದ್ದೇನು ಫಲ ಎಂದು 1930ರಲ್ಲಿ ಸರ್ಕಾರ ಕಾರುಗಳ ವೇಗಮಿತಿಯನ್ನೇ ತೆಗೆದುಹಾಕಿತು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,343 ಮಂದಿ. ಮರುವರ್ಷದ ಮಾರ್ಚಿನಲ್ಲಿ ಜನವಸತಿಯ ರಸ್ತೆಗಳಿಗೆ 30 ಮೈಲಿಯ, ಅಂದರೆ ಸುಮಾರು 48 ಕಿ.ಮೀ.ಯ ಮಿತಿ ಬಂತು. ಆ ವರ್ಷದ ಸಾವುಗಳು 6,502ಕ್ಕೆ ಇಳಿದವು. ಚಾಲನಾ ಪರೀಕ್ಷೆ ಕಡ್ಡಾಯವಾದದ್ದೂ ಅದೇ ವರ್ಷವಾದ್ದರಿಂದ ಕೀರ್ತಿಯನ್ನೆಲ್ಲ ವೇಗಮಿತಿಗೇ ಕೊಡಲಾಗದು.

ಅಪಾಯವೆಂದು ತಿಳಿದೂ ಚಾಲಕ ವೇಗ ಹೆಚ್ಚಿಸುವುದೇಕೆ? ಅವಸರ, ಹುಮ್ಮಸ್ಸು, ಟ್ರಿಪ್ ಲೆಕ್ಕದ ಸಂಬಳ, ಇವೆಲ್ಲ ಇದ್ದೇ ಇವೆ. ಆದರೆ ಕಣ್ಣೂ ಅವನನ್ನು ವಂಚಿಸುತ್ತದೆ. ಟೆಲಿವಿಷನ್ ಕೆಲಸದಲ್ಲಿರುವ ನಮಗೆ ಇದು ಚೆನ್ನಾಗಿ ಗೊತ್ತು. ಓಡುವ ಜೀಪಿನಲ್ಲಿ ಕ್ಯಾಮೆರಾವನ್ನು ಎತ್ತರದಲ್ಲಿಟ್ಟು ದೂರದ ಬೆಟ್ಟದತ್ತ ತಿರುಗಿಸಿದರೆ, ತೆರೆಯ ಮೇಲೆ ಜೀಪು ತೆವಳುವಂತೆ ಕಾಣುತ್ತದೆ. ಅದೇ ಕ್ಯಾಮೆರಾವನ್ನು ನೆಲದ ಹತ್ತಿರ ಇಳಿಸಿ ರಸ್ತೆಬದಿಯ ಬೇಲಿಯತ್ತ ಹಿಡಿದರೆ ಅದೇ ಜೀಪು ಹಾರುತ್ತದೆ. ಅಗಲವಾದ, ನೇರವಾದ, ಬದಿಯಲ್ಲಿ ಮರವೂ ಮನೆಯೂ ಇಲ್ಲದ ರಸ್ತೆಯಲ್ಲಿ ಚಾಲಕನ ಕಣ್ಣು ಮೊದಲನೆಯ ಕ್ಯಾಮೆರಾದಂತೆ. ಫಲಕ 60 ಎನ್ನುತ್ತದೆ, ರಸ್ತೆ ಮಾತ್ರ 100 ಎಂದು ಕರೆಯುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. 28 ಮೀಟರ್ ಮುಂದೆ ಮಗುವೊಂದು ರಸ್ತೆಗೆ ಓಡಿಬಂತು. ಚಾಲಕ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು. ಆಮೇಲೆ ಪ್ರತಿ ಸೆಕೆಂಡಿಗೆ 7 ಮೀಟರಿನಷ್ಟು ವೇಗ ಇಳಿಯುತ್ತದೆ ಎನ್ನೋಣ. ಗಂಟೆಗೆ 50 ಕಿ.ಮೀ. ವೇಗದ ಕಾರು ಮಗುವಿನ ಮುಂದೆ ಬಂದು ನಿಲ್ಲುತ್ತದೆ. 60ರಲ್ಲಿ ಬಂದ ಕಾರು? ಮಗುವನ್ನು ತಲುಪುವಾಗ ಅದರ ವೇಗ ಇನ್ನೂ ಸುಮಾರು 40 ಕಿ.ಮೀ. ಇರುತ್ತದೆ. ನಿಮ್ಮ ಭೌತಶಾಸ್ತ್ರದ ಪುಸ್ತಕದ ಚಲನೆಯ ಸಮೀಕರಣಗಳೇ ಇದಕ್ಕೆ ಸಾಕು. ವೇಗದಿಂದ ಉಳಿಯುವ ಹೊತ್ತಾದರೂ ಎಷ್ಟು? 10 ಕಿ.ಮೀ. ದಾರಿಯನ್ನು 60ರ ಬದಲು 80ರಲ್ಲಿ ಹೋದರೆ ಎರಡೂವರೆ ನಿಮಿಷ.

ಹಾಗಾದರೆ ರಸ್ತೆಯೇ ಚಾಲಕನಿಗೆ ನಿಧಾನವಾಗು ಎಂದು ಹೇಳಬಾರದೇಕೆ? 1906ರಲ್ಲೇ ಅಮೆರಿಕದ ಚಾಥಮ್ ಎಂಬ ಊರಿನವರು ಜನ ದಾಟುವ ಜಾಗವನ್ನು ಎತ್ತರಿಸಿ ನೋಡಿದ್ದರು. ಅದನ್ನು ಲೆಕ್ಕಾಚಾರಕ್ಕೆ ಒಳಪಡಿಸಿದವರು ಆರ್ಥರ್ ಕಾಂಪ್ಟನ್. ಹೌದು, 1927ರಲ್ಲಿ ನೊಬೆಲ್ ಬಹುಮಾನ ಪಡೆದ ಭೌತವಿಜ್ಞಾನಿಯೇ, ಸಿ. ವಿ. ರಾಮನ್ ಅವರ ಸಂಶೋಧನೆಯನ್ನು ಓದುವಾಗ ಕಾಂಪ್ಟನ್ ಪರಿಣಾಮದ ಹೆಸರು ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಅವರು, ಆವರಣದಲ್ಲಿ ವಾಹನಗಳ ಓಟವನ್ನು ಕಂಡು 1953ರಲ್ಲಿ ರಸ್ತೆ ಉಬ್ಬನ್ನು ರೂಪಿಸಿದರು. ನಿಧಾನವಾಗಿ ಬಂದವನಿಗೆ ಜೋಲಿ ಆಡಿದಂತೆ, ವೇಗವಾಗಿ ಬಂದವನಿಗೆ ಎತ್ತಿ ಹಾಕಿದಂತೆ ಆಗಬೇಕು. ಉಬ್ಬಿನ ಗುಟ್ಟೆಲ್ಲ ಇಷ್ಟೇ. ದಂಡ ಅಲ್ಲಿಯೇ, ಆ ಕ್ಷಣವೇ. ವಕೀಲನೂ ಬೇಡ, ಶಿಫಾರಸೂ ಇಲ್ಲ.

ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಇದಕ್ಕೊಂದು ಅಳತೆ ಕೊಟ್ಟಿದೆ: 10 ಸೆಂಟಿಮೀಟರ್ ಎತ್ತರ, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ಮೇಲ್ಭಾಗ ದುಂಡಗೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಇದನ್ನು ಸಲೀಸಾಗಿ ದಾಟಬಹುದು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ, ಬಣ್ಣವಿಲ್ಲದ, ಗೋಡೆಯಂತಹ ಹಂಪುಗಳಿಗೂ ಕಾಂಪ್ಟನ್ನರಿಗೂ ಯಾವ ಸಂಬಂಧವೂ ಇಲ್ಲ. ಅವು ನಿಧಾನವಾಗಿ ಬಂದ ಸ್ಕೂಟರಿನವನನ್ನೂ ಬೀಳಿಸುತ್ತವೆ. ಒಮ್ಮೆ ಅಳತೆಯ ಟೇಪು ಹಿಡಿದು ನಿಮ್ಮ ಶಾಲೆಯ ಮುಂದಿನ ಹಂಪನ್ನು ಅಳೆದು ನೋಡಿ.

ಹೆದ್ದಾರಿಯಲ್ಲಿ ಉಬ್ಬು ಹಾಕುವಂತಿಲ್ಲ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ; ಇವುಗಳಲ್ಲಿ ನೂರಕ್ಕೆ 71ರಷ್ಟು ಸಾವುಗಳಿಗೆ ಅತಿವೇಗ ಕಾರಣವೆಂದು ದಾಖಲಾಗಿದೆ. ಅಪಘಾತದ ಬಳಿಕ ತುಂಬಿಸಲು ‘ಅತಿವೇಗ’ ಎಂಬ ಕಾಲಂ ಬಲು ಸುಲಭ ಎಂಬುದನ್ನೂ ಮರೆಯಬಾರದು. ಆ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೂ ಭಯಂಕರವೇ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಸಾವುಗಳು ಹೆಚ್ಚಾದಾಗ, ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ಬೈಕು, ಆಟೊಗಳನ್ನು ನಿಷೇಧಿಸಲಾಯಿತು. ಆಮೇಲೆ ಕ್ಯಾಮೆರಾಗಳು ಬಂದವು. ಮೋಟಾರು ವಾಹನ ಕಾಯಿದೆಯ 183ನೇ ಕಲಮಿನಂತೆ, 2019ರ ತಿದ್ದುಪಡಿಯ ನಂತರ, ಅತಿವೇಗದ ಕಾರಿಗೆ 1,000ದಿಂದ 2,000 ರೂಪಾಯಿ ದಂಡ. ನೌಕರನಿಂದ ಅತಿವೇಗವಾಗಿ ಓಡಿಸುವ ಮಾಲೀಕನೂ ಇದೇ ಕಲಮಿನಡಿ ಶಿಕ್ಷಾರ್ಹ. ಇದು ಬಹಳ ಮಾಲೀಕರಿಗೆ ತಿಳಿದಂತಿಲ್ಲ.

ಒಂಟಿ ಕ್ಯಾಮೆರಾಕ್ಕೆ ಚಾಲಕ ಬೇಗ ಒಗ್ಗಿಕೊಳ್ಳುತ್ತಾನೆ: ಅದರ ಮುಂದೆ ಬ್ರೇಕು, ದಾಟಿದೊಡನೆ ಆಕ್ಸಿಲರೇಟರು. ಇದಕ್ಕೆ ಇಟಲಿಯವರು 2005ರಿಂದ ತಮ್ಮ ಹೆದ್ದಾರಿಗಳಲ್ಲಿ ಬೇರೆಯೇ ಉಪಾಯ ಹೂಡಿದರು. ಹಲವು ಕಿಲೋಮೀಟರ್ ಅಂತರದಲ್ಲಿ ಎರಡು ಕ್ಯಾಮೆರಾಗಳು ಒಂದೇ ವಾಹನದ ಸಂಖ್ಯೆಯನ್ನೂ ಹೊತ್ತನ್ನೂ ಗುರುತಿಸುತ್ತವೆ. ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ವೇಗ ಸಿಕ್ಕಿತು. ಬೇಲಿಯ ಮರೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದ ಆ ಹಳೆಯ ಪೇದೆಗಳು ಮಾಡುತ್ತಿದ್ದುದೂ ಇದೇ ಭಾಗಾಕಾರ.