ಮುಯ್ಯಿ

ಪಡೆದದ್ದಕ್ಕೆ ಪ್ರತಿಯಾಗಿ ಕೊಡುವುದೇ ಮುಯ್ಯಿ. ಇದು ಅಚ್ಚ ದ್ರಾವಿಡ ಪದ. 'ಮುಯ್' ಎಂಬ ರೂಪವೂ ಉಂಟು. ತಮಿಳಿನಲ್ಲಿ ಮದುವೆಯ ಕಾಣಿಕೆಯನ್ನು ಸೂಚಿಸುವ 'ಮೊಯ್' ಇದರ ನಂಟಿನ ಪದ.

ಹೊಲದಲ್ಲಿ ಇದು 'ಮುಯ್ಯಾಳು' (ಮುಯ್ಯಿ + ಆಳು). ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಇಲ್ಲಿ ಕೂಲಿಯ ಹಣ ಕೈ ಬದಲಾಗುವುದಿಲ್ಲ, ಆಳಿನ ಲೆಕ್ಕ ಮಾತ್ರ ತಪ್ಪುವುದಿಲ್ಲ. ಮದುವೆಮನೆಯಲ್ಲಿ ಮುಯ್ಯಿ ಎಂದರೆ ಪುಸ್ತಕದಲ್ಲಿ ಬರೆಸುವ ಹಣ. ಬರೆಸಿದವರ ಮನೆಯ ಶುಭಕಾರ್ಯಕ್ಕೆ ಅಷ್ಟನ್ನೋ, ಸ್ವಲ್ಪ ಹೆಚ್ಚನ್ನೋ ತೀರಿಸಬೇಕು. ಒಟ್ಟಿನಲ್ಲಿ ಇದು ಬಡ್ಡಿ, ಪತ್ರ, ಅಡಮಾನ ಯಾವುದೂ ಇಲ್ಲದ ಸಾಲ. ತಮಿಳುನಾಡಿನ ಪುದುಕೋಟೆ, ತಂಜಾವೂರು ಸೀಮೆಯಲ್ಲಿ ಬಂಡವಾಳ ಕೂಡಿಸಲೆಂದೇ 'ಮೊಯ್ ವಿರುಂದು' ಎಂಬ ಔತಣ ಏರ್ಪಡಿಸುತ್ತಾರೆ.

ಹಗೆಗೂ ಇದೇ ಪದ: 'ಮುಯ್ಯಿಗೆ ಮುಯ್ಯಿ', 'ಮುಯ್ಯಿ ತೀರಿಸಿಕೊ'. ಉಪಕಾರವಾಗಲಿ ಅಪಕಾರವಾಗಲಿ, ಬಾಕಿ ಬಾಕಿಯೇ.

ಮುಯ್ಯಿಯ ಮಿತಿಯೂ ಅದರ ಅರ್ಥದಲ್ಲೇ ಇದೆ. ತಿರುಗಿ ಕೊಡಬಲ್ಲವರಿಗಷ್ಟೇ ಅದು ಆಸರೆ. ದುಡಿಯುವ ಕೈಗಳಿಲ್ಲದ ಮನೆಗೆ, ಒಂಟಿ ಹೆಂಗಸಿಗೆ, ಕಾಯಿಲೆಯವರಿಗೆ ಈ ಬಳಗದ ಬಾಗಿಲು ಕಿರಿದು. ಆದರೂ ಮುಯ್ಯಿಯ ಭಾವ ಹೊಸ ರೂಪದಲ್ಲಿ ಉಳಿದಿದೆ. ಕರ್ನಾಟಕದಲ್ಲಿ 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಎಂಬ ಮಹಿಳಾ ಸ್ವಸಹಾಯ ಗುಂಪುಗಳಲ್ಲಿ ಸದಸ್ಯೆಯರ ಪರಸ್ಪರ ನಂಬಿಕೆಯೇ ಸಾಲಕ್ಕೆ ಆಧಾರ. ಅಲ್ಲಿ ಮುಯ್ಯಿಯ ಹೆಸರಿಲ್ಲ, ತಿರುಳು ಮಾತ್ರ ಅದೇ.